ಅಂತರ್ಜಾಲಕ್ಕೆ ಬಂದ ಕನ್ನಡ, ಉರ್ದು ಅಕ್ಷರಗಳು



ನಮ್ಮ ದೇಶದ ಜನಸಾಮಾನ್ಯರಿಗೆ ಅಂತರ್ಜಾಲ ಸೌಲಭ್ಯ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮದ ಮೂಲಕ. ಅಂದಿನಿಂದಲೂ 'ಇನ್ನು ಮುಂದೆ ಜ್ಞಾನ ಮನೆ ಬಾಗಿಲಿಗೆ ಬರುತ್ತದೆ' ಎಂಬ ಮಾತನ್ನು ಸಭೆ ಸಮಾರಂಭಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಮಾತು ಸುಳ್ಳಲ್ಲ. ಆದರೆ ಬಾಗಿಲಿಗೆ ಬಂದ ಜ್ಞಾನ ಯಾವ ಭಾಷೆಯಲ್ಲಿ ಮಾತನಾಡುತ್ತದೆ, ಯಾವ ಲಿಪಿಯಲ್ಲಿ ಬರೆಯುತ್ತದೆ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಕನ್ನಡ ಮಾಧ್ಯಮದಲ್ಲಿ ಅಥವಾ ಉರ್ದು ಮಾಧ್ಯಮದಲ್ಲಿ ಓದುವ ಮಗುವಿಗೆ ಇದೇ ಮೊದಲ ಪ್ರಶ್ನೆ. ತಂತಿ ಬಂದು, ಪರದೆ ಬಂದು, ಅದರ ಮೇಲೆ ತನಗೆ ಬರುವ ಅಕ್ಷರವೇ ಮೂಡದಿದ್ದರೆ ಆ ಮಗುವಿಗೆ ಆದ ಲಾಭವೇನು?

ನಮ್ಮ ಎರಡು ಭಾಷೆಗಳ ಅಕ್ಷರಗಳು ಗಣಕಯಂತ್ರವನ್ನೂ ಅಂತರ್ಜಾಲವನ್ನೂ ಸೇರಿದ ಇತಿಹಾಸವನ್ನು ಈ ಲೇಖನದಲ್ಲಿ ತಿಳಿಯೋಣ. ಈ ಇತಿಹಾಸ ನಮಗೆ ಒಂದು ಕೆಲಸವನ್ನೂ ಒಪ್ಪಿಸುತ್ತದೆ.

ಕಾತಿಬರ ಕಾಲ

ಕನ್ನಡದ ಪುಸ್ತಕಗಳು ಅಚ್ಚುಮೊಳೆಗಳಿಂದ ಮುದ್ರಣವಾಗುತ್ತಿದ್ದ ಕಾಲದಲ್ಲೂ ಉರ್ದು ಪುಸ್ತಕಗಳು ಬಹುಮಟ್ಟಿಗೆ ಕೈಬರಹದಿಂದಲೇ ಹೊರಬರುತ್ತಿದ್ದವು. ಸುಂದರ ಬರಹದ ಕಲೆ ಬಲ್ಲ ಕಾತಿಬರು ಪ್ರತಿ ಪುಟವನ್ನೂ ಕೈಯಿಂದ ಬರೆಯುತ್ತಿದ್ದರು. ಆ ಬರಹವನ್ನು ಕಲ್ಲಚ್ಚಿಗೆ, ಮುಂದೆ ಆಫ್‌ಸೆಟ್ ಮುದ್ರಣಕ್ಕೆ ವರ್ಗಾಯಿಸಲಾಗುತ್ತಿತ್ತು. 1927ರಲ್ಲಿ ಆರಂಭವಾದ ಚೆನ್ನೈನ 'ದಿ ಮುಸಲ್ಮಾನ್' ಎಂಬ ಉರ್ದು ದಿನಪತ್ರಿಕೆ ಗಣಕಯಂತ್ರಗಳು ಬಂದ ಎಷ್ಟೋ ವರ್ಷಗಳ ನಂತರವೂ ಕಾತಿಬರ ಕೈಬರಹದಲ್ಲೇ ಪ್ರಕಟವಾಗುತ್ತಿದ್ದುದು ಲೋಕಪ್ರಸಿದ್ಧ.

ಇದಕ್ಕೆ ಕಾರಣ ಉರ್ದುವಿನ ನಸ್ತಾಲೀಖ್ ಬರಹ ಶೈಲಿ. ಅರಬ್ಬಿಯ ನಸ್ಖ್ ಶೈಲಿಯಲ್ಲಿ ಅಕ್ಷರಗಳು ಒಂದೇ ಗೆರೆಯ ಮೇಲೆ ಸಾಲಾಗಿ ಕೂರುತ್ತವೆ. ನಸ್ತಾಲೀಖ್‌ನಲ್ಲಿ ಹಾಗಲ್ಲ. ಪದವು ಬಲಗಡೆ ಮೇಲಿನಿಂದ ಎಡಗಡೆ ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ. ಪಕ್ಕದಲ್ಲಿ ಯಾವ ಅಕ್ಷರವಿದೆ ಎಂಬುದನ್ನು ನೋಡಿ ಒಂದೇ ಅಕ್ಷರ ಹತ್ತಾರು ರೂಪ ತಾಳುತ್ತದೆ. ಇಂತಹ ಬರಹವನ್ನು ಸೀಸದ ಮೊಳೆಗಳಲ್ಲಿ ಜೋಡಿಸುವುದು ಬಹಳ ಕಷ್ಟದ ಕೆಲಸವಾಗಿತ್ತು.

ಈ ಗಂಟನ್ನು ಬಿಡಿಸಿದವರು ಕರಾಚಿಯ ಮಿರ್ಜಾ ಅಹ್ಮದ್ ಜಮೀಲ್. ಅವರು ಬ್ರಿಟನ್ನಿನ ಮೋನೋಟೈಪ್ ಸಂಸ್ಥೆಯೊಡನೆ ಕೂಡಿ, ಅಕ್ಷರಗಳನ್ನು ಬಿಡಿಬಿಡಿಯಾಗಿ ಅಲ್ಲದೆ ಜೋಡಣೆಗೊಂಡ ಅಕ್ಷರಗುಚ್ಛಗಳಾಗಿಯೇ ಸಿದ್ಧಪಡಿಸಿದರು. ಹೀಗೆ ಅವರು ಕೈಯಿಂದ ಬರೆದ ಗುಚ್ಛಗಳ ಸಂಖ್ಯೆ 15 ಸಾವಿರಕ್ಕೂ ಹೆಚ್ಚು. ತಮ್ಮ ತಂದೆಯವರ ಹೆಸರಿನ ನೆನಪಿಗಾಗಿ ಈ ಅಕ್ಷರ ಮಾಲೆಗೆ 'ನೂರಿ ನಸ್ತಾಲೀಖ್' ಎಂದು ಹೆಸರಿಟ್ಟರು. 1981ರಲ್ಲಿ ಲಾಹೋರಿನಿಂದ ಹೊರಡತೊಡಗಿದ 'ಜಂಗ್' ಪತ್ರಿಕೆ ಇದನ್ನು ಬಳಸಿತು. ಮುಂದೆ 1994ರಲ್ಲಿ ದೆಹಲಿಯ ಕಾನ್ಸೆಪ್ಟ್ ಸಾಫ್ಟ್‌ವೇರ್ ಸಂಸ್ಥೆ 'ಇನ್‌ಪೇಜ್' ಎಂಬ ತಂತ್ರಾಂಶವನ್ನು ಹೊರತಂದಿತು. ಆ ಮೇಲೆ ಸಾಮಾನ್ಯ ಗಣಕಯಂತ್ರವಿದ್ದವರೂ ಉರ್ದು ಪುಸ್ತಕ, ಪತ್ರಿಕೆ, ಪ್ರಶ್ನೆಪತ್ರಿಕೆಗಳನ್ನು ತಾವೇ ಸಿದ್ಧಪಡಿಸುವಂತಾಯಿತು.

ಕನ್ನಡದ ಕೀಲಿಮಣೆ

ಕನ್ನಡದ ತೊಡಕು ಬೇರೆ ಬಗೆಯದು. ನಮ್ಮಲ್ಲಿ ಒತ್ತಕ್ಷರ, ಕಾಗುಣಿತಗಳನ್ನು ಸೇರಿಸಿದರೆ ಸಾವಿರಾರು ರೂಪಗಳಾಗುತ್ತವೆ. ಕೀಲಿಮಣೆಯಲ್ಲಿರುವ ಇಂಗ್ಲಿಷ್ ಅಕ್ಷರಗಳೋ ಕೇವಲ 26. ಇಷ್ಟರಲ್ಲಿ ಅಷ್ಟನ್ನು ತುಂಬುವುದು ಹೇಗೆ?

ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ನಾವೆಲ್ಲ ಕೆ.ಪಿ. ರಾವ್ ಎಂದು ಕರೆಯುವ ವಿದ್ವಾಂಸರು, ಇದಕ್ಕೆ ಸರಳ ಉತ್ತರ ಕಂಡುಕೊಂಡರು. ಕೀಲಿಮಣೆಯಲ್ಲಿ ಒತ್ತಕ್ಷರಗಳನ್ನು ಇಡುವ ಅಗತ್ಯವೇ ಇಲ್ಲ. ಮೂಲಾಕ್ಷರ ಮತ್ತು ಸ್ವರಗಳಿದ್ದರೆ ಸಾಕು. 'ಅಕ್ಕ' ಎಂದು ಬರೆಯಲು ಅ, ಕ, ನಡುವೆ ಒಂದು ಕೊಂಡಿಯ ಕೀಲಿ, ಮತ್ತೆ ಕ. ಒತ್ತು ಕೊಡುವ ಕೆಲಸವನ್ನು ಯಂತ್ರವೇ ಮಾಡಿಕೊಳ್ಳುತ್ತದೆ. ನಾವು ಒಂದನೇ ತರಗತಿಯಲ್ಲಿ ಕಲಿಸುವ ಕಾಗುಣಿತದ ಕ್ರಮವೇ ಇಲ್ಲಿ ಟೈಪಿಂಗ್‌ನ ಕ್ರಮವೂ ಆಯಿತು. 1998ರಲ್ಲಿ ಶೇಷಾದ್ರಿವಾಸು ಅವರು 'ಬರಹ' ತಂತ್ರಾಂಶವನ್ನು ಹೊರತಂದರು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' ತಂತ್ರಾಂಶ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯೊಡನೆ ಸರ್ಕಾರಿ ಕಚೇರಿ, ಶಾಲೆಗಳಿಗೆ ಬಂತು.

ಗಣಕಯಂತ್ರದಲ್ಲಿ ಕನ್ನಡ ಬಂದರೆ ಅಭಿವೃದ್ಧಿಗೆ ಏನು ಪ್ರಯೋಜನ ಎಂದು ಕೇಳುವವರಿಗೆ 'ಭೂಮಿ' ಯೋಜನೆಯೇ ಉತ್ತರ. 2001ರ ಹೊತ್ತಿಗೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕೀಕೃತವಾಗಿದ್ದವು. ಅದುವರೆಗೆ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿದ್ದ ದಾಖಲೆಯನ್ನು ರೈತನು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಅಚ್ಚಿನಲ್ಲಿ ಪಡೆಯುವಂತಾಯಿತು. ಆ ಕಾಗದ ಇಂಗ್ಲಿಷಿನಲ್ಲಿ ಬಂದಿದ್ದರೆ ಅದನ್ನು ಓದಿಸಿಕೊಳ್ಳಲು ರೈತ ಮತ್ತೊಬ್ಬರ ಬಳಿ ಹೋಗಬೇಕಾಗುತ್ತಿತ್ತು. ಕನ್ನಡದಲ್ಲಿ ಬಂದದ್ದರಿಂದ ಓದು ಬಲ್ಲ ಮಗ ಅಥವಾ ಮಗಳು ಮನೆಯಲ್ಲೇ ಓದಿ ಹೇಳಬಹುದಾಯಿತು.

ಫಾಂಟ್ ಇದ್ದರೆ ಅಕ್ಷರ, ಇಲ್ಲದಿದ್ದರೆ ಒಗಟು

ಇಷ್ಟಾದರೂ ಒಂದು ದೊಡ್ಡ ಕೊರತೆ ಉಳಿದಿತ್ತು. ಅಂದಿನ ತಂತ್ರಾಂಶಗಳು ಕಾಗದದ ಮೇಲೆ ಅಚ್ಚು ತೆಗೆಯಲು ತಯಾರಾದವು. ಒಬ್ಬರಿಂದ ಒಬ್ಬರಿಗೆ ಅಕ್ಷರ ಕಳುಹಿಸಲು ಅಲ್ಲ. ಹಳೆಯ ಕನ್ನಡ ಫಾಂಟುಗಳಲ್ಲಿ ಯಂತ್ರದೊಳಗೆ ನಿಜವಾಗಿ ಇದ್ದದ್ದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳೇ. ಅವುಗಳಿಗೆ ಕನ್ನಡದ ಆಕಾರವನ್ನು ತೊಡಿಸಲಾಗಿತ್ತು, ಅಷ್ಟೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ತೊಡಿಸಿದ ಬಟ್ಟೆ ಕಳಚಿ, ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣಿಸುತ್ತಿತ್ತು. ಒಂದು ತಂತ್ರಾಂಶದಲ್ಲಿ ಬರೆದದ್ದು ಮತ್ತೊಂದಕ್ಕೆ ಅರ್ಥವಾಗುತ್ತಿರಲಿಲ್ಲ.

ಉರ್ದುವಿನ ಸ್ಥಿತಿ ಇನ್ನೂ ಕಷ್ಟದ್ದು. ಇನ್‌ಪೇಜಿನ ಬರಹ ಇನ್‌ಪೇಜಿನೊಳಗೆ ಮಾತ್ರ ಬರಹ. ಹೀಗಾಗಿ ಆರಂಭದ ಉರ್ದು ಜಾಲತಾಣಗಳು ಪುಟದ ಚಿತ್ರವನ್ನೇ ತೆಗೆದು ಅಂತರ್ಜಾಲದಲ್ಲಿ ಇಡುತ್ತಿದ್ದವು. ಕಣ್ಣಿಗೆ ಅದು ಅಂದವಾಗಿ ಕಾಣುತ್ತಿತ್ತು, ಓದಲೂ ಬರುತ್ತಿತ್ತು. ಆದರೆ ಹುಡುಕು ಯಂತ್ರಕ್ಕೆ ಅದು ಒಂದು ಹೂವಿನ ಚಿತ್ರಕ್ಕಿಂತ ಬೇರೆಯಲ್ಲ. ಅದರಲ್ಲಿರುವ ಒಂದು ಪದವನ್ನೂ ಹುಡುಕಲಾಗದು, ನಕಲಿಸಲಾಗದು, ನಿಘಂಟಿನಲ್ಲಿ ನೋಡಲಾಗದು. ಕಣ್ಣು ಕಾಣದ ವಿದ್ಯಾರ್ಥಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶವೂ ಅಲ್ಲಿ ಮೂಕವಾಗುತ್ತದೆ.

ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ

ಪರಿಹಾರದ ಬೀಜ ಮೊದಲೇ ಬಿತ್ತಲ್ಪಟ್ಟಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆ ಲೋಕದ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದೊಂದು ಖಾಯಂ ಸಂಖ್ಯೆಯನ್ನು ಕೊಡುವ ಗುರಿ ಇಟ್ಟುಕೊಂಡಿತು. ಕನ್ನಡದ 'ಕ' ಅಕ್ಷರದ ಸಂಖ್ಯೆ 3221. ಉರ್ದುವಿನ 'ಟೇ' ಅಕ್ಷರದ ಸಂಖ್ಯೆ 1657. ಬೆಂಗಳೂರಿನಲ್ಲಿ ಬರೆಯಿರಿ, ದುಬೈಯಲ್ಲಿ ತೆರೆಯಿರಿ, ಫಾಂಟ್ ಯಾವುದೇ ಇರಲಿ, 3221 ಎಂದರೆ 'ಕ' ಅಕ್ಷರವೇ. ಅಕ್ಷರದ ಗುರುತು ಮತ್ತು ಅಕ್ಷರದ ಆಕಾರ ಇಲ್ಲಿ ಬೇರೆ ಬೇರೆಯಾದವು.

ನಿಯಮ ಇದ್ದರೆ ಸಾಲದು, ಯಂತ್ರಗಳು ಅದನ್ನು ಪಾಲಿಸಬೇಕಲ್ಲವೇ? 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡಕ್ಕೆ ಆಸರೆ ದೊರೆಯಿತು. 2003ರಲ್ಲಿ ಕನ್ನಡ ವಿಕಿಪೀಡಿಯ, 2004ರಲ್ಲಿ ಉರ್ದು ವಿಕಿಪೀಡಿಯ ಆರಂಭವಾದವು. ಯಾರು ಬೇಕಾದರೂ ಓದಬಹುದಾದ, ಯಾರು ಬೇಕಾದರೂ ತಿದ್ದಿ ಬೆಳೆಸಬಹುದಾದ ವಿಶ್ವಕೋಶ ನಮ್ಮ ಲಿಪಿಗಳಲ್ಲೇ ಹುಟ್ಟಿತು. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಡಿ ಬಳಕೆಗೆ ಬಿಟ್ಟುಕೊಟ್ಟದ್ದು ಸ್ಮರಣೀಯ ಕಾರ್ಯ. ಗ್ರಂಥಾಲಯದ ಕಪಾಟಿನಲ್ಲಿದ್ದ ಸಂಪುಟಗಳ ಜ್ಞಾನಕ್ಕೆ ಹಳ್ಳಿಯ ಮೊಬೈಲಿನವರೆಗೆ ದಾರಿಯಾಯಿತು. ಯಂತ್ರಾನುವಾದವೂ ಬಂತು. ಗೂಗಲ್ ಅನುವಾದಕ್ಕೆ ಉರ್ದು 2010ರಲ್ಲಿ, ಕನ್ನಡ 2011ರಲ್ಲಿ ಸೇರಿದವು. 2017ರಲ್ಲಿ ಆರಂಭವಾದ 'ದೀಕ್ಷಾ' ವೇದಿಕೆಯ ಮೂಲಕ ಪಠ್ಯಪುಸ್ತಕದ ಕ್ಯೂಆರ್ ಸಂಕೇತಕ್ಕೆ ಮೊಬೈಲ್ ಹಿಡಿದರೆ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ತೆರೆದುಕೊಳ್ಳುವ ವ್ಯವಸ್ಥೆಯಾಯಿತು.

ಉರ್ದು ಹೆಚ್ಚು ಕಾಲ ಕಾಯಬೇಕಾಯಿತು

ಉರ್ದುವಿಗೆ ಸಂಖ್ಯೆಗಳು ಸಿಕ್ಕರೂ ತನ್ನ ಸ್ವಂತ ರೂಪ ಸಿಗುವುದು ತಡವಾಯಿತು. ಬಿಬಿಸಿ ಉರ್ದು ಜಾಲತಾಣವು 2000ದ ದಶಕದ ಆರಂಭದ ವರ್ಷಗಳಲ್ಲಿಯೇ ಚಿತ್ರಗಳನ್ನು ಬಿಟ್ಟು ನಿಜವಾದ ಅಕ್ಷರಗಳನ್ನು ಬಳಸಿತು. ಆದರೆ ಅದು ನಸ್ಖ್ ಶೈಲಿಯಲ್ಲಿತ್ತು. ನಸ್ತಾಲೀಖ್‌ಗೆ ರೂಢಿಯಾದ ಕಣ್ಣುಗಳಿಗೆ ಅದು ಪರಕೀಯವೆನಿಸಿತು. 2012ರ ವಿಂಡೋಸ್ 8ರಲ್ಲಿ ನಸ್ತಾಲೀಖ್ ಶೈಲಿಯ ಫಾಂಟ್ ಸೇರಿತು. 2014ರಲ್ಲಿ ಗೂಗಲ್ ತನ್ನ ಉಚಿತ ನಸ್ತಾಲೀಖ್ ಫಾಂಟನ್ನು ಕೊಟ್ಟಿತು. ಐಫೋನಿನಲ್ಲಿ ಉರ್ದು ನಸ್ತಾಲೀಖ್ ರೂಪದಲ್ಲಿ ಕಾಣಿಸಿದ್ದು 2017ರಲ್ಲಿ. ಈ ನಡುವೆ 2013ರಲ್ಲಿ ಸಂಜೀವ್ ಸರಾಫ್ ಅವರು ಆರಂಭಿಸಿದ 'ರೇಖ್ತಾ' ಜಾಲತಾಣ ಉರ್ದು ಕಾವ್ಯವನ್ನು ಉರ್ದು, ದೇವನಾಗರಿ ಮತ್ತು ರೋಮನ್ ಎಂಬ ಮೂರು ಲಿಪಿಗಳಲ್ಲಿ ಕೊಟ್ಟಿತು. ಲಿಪಿ ಮರೆತ ಮನೆಗಳಿಗೂ ಭಾಷೆ ಮರಳಿ ತಲುಪಲು ಇದು ನೆರವಾಯಿತು.

ಇನ್ನೊಂದು ಸೂಕ್ಷ್ಮ ವಿಷಯವನ್ನು ಉರ್ದು ವಿದ್ಯಾರ್ಥಿಗಳು ತಿಳಿದಿರಬೇಕು. ಅರಬ್ಬಿಯ 'ಕಾಫ್' ಅಕ್ಷರಕ್ಕೆ 1603, ಉರ್ದುವಿನ 'ಕಾಫ್' ಅಕ್ಷರಕ್ಕೆ 1705 ಎಂಬ ಬೇರೆ ಬೇರೆ ಸಂಖ್ಯೆಗಳಿವೆ. ಅರಬ್ಬಿ ಕೀಲಿಮಣೆಯಲ್ಲಿ ಉರ್ದು ಬರೆದರೆ ಪದದ ನಡುವೆ ಎರಡೂ ಕಣ್ಣಿಗೆ ಒಂದೇ ರೀತಿ ಕಾಣುತ್ತವೆ. ಆದರೆ ಯಂತ್ರಕ್ಕೆ ಅವು ಎರಡು ಬೇರೆ ಅಕ್ಷರಗಳು. ನೀವು ಬರೆದ ಪದ ಎಷ್ಟೋ ಕಡೆ ಹುಡುಕಿದಾಗ ಸಿಗುವುದೇ ಇಲ್ಲ. ಆದ್ದರಿಂದ ಮೊಬೈಲಿನಲ್ಲಿ ಉರ್ದು ಕೀಲಿಮಣೆಯನ್ನೇ ಆರಿಸಿಕೊಳ್ಳಿ.

2020ರಲ್ಲಿ ಕೋವಿಡ್ ಬಂದು ಶಾಲೆಗಳು ಮುಚ್ಚಿದಾಗ ಈ ಇತಿಹಾಸವೆಲ್ಲ ನಮ್ಮ ಮುಂದೆಯೇ ನಡೆದುಹೋಯಿತು. 2017-18ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ಸುಮಾರು 24 ಶೇಕಡಾ ಕುಟುಂಬಗಳಿಗೆ ಮಾತ್ರ ಅಂತರ್ಜಾಲ ಸೌಲಭ್ಯವಿತ್ತು; ಗ್ರಾಮಾಂತರದಲ್ಲಿ ಅದು ಸುಮಾರು 15 ಶೇಕಡಾ. ಮೊದಲ ಗೋಡೆ ಇದು. ಈ ಗೋಡೆ ದಾಟಿದ ಮಕ್ಕಳಿಗೂ ಅನೇಕ ಉರ್ದು ಶಿಕ್ಷಕರು ಕಾಗದದಲ್ಲಿ ಬರೆದು, ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳುಹಿಸಬೇಕಾಯಿತು. ಅವರ ಶ್ರಮ ದೊಡ್ಡದು. ಆದರೆ ಆ ಟಿಪ್ಪಣಿಗಳೆಲ್ಲ ಚಿತ್ರಗಳಾಗಿಯೇ ಉಳಿದವು. ಒಬ್ಬ ಶಿಕ್ಷಕಿ ಕಷ್ಟಪಟ್ಟು ತಯಾರಿಸಿದ ಪಾಠ ಪಕ್ಕದ ಜಿಲ್ಲೆಯ ಶಿಕ್ಷಕಿಗೆ ಹುಡುಕಿದರೆ ಸಿಗುವಂತಾಗಲಿಲ್ಲ. ಹತ್ತು ಶಾಲೆಗಳಲ್ಲಿ ಹತ್ತು ಜನ ಒಂದೇ ಪಾಠವನ್ನು ಹೊಸದಾಗಿ ಬರೆದರು.

ನಮ್ಮ ಮುಂದಿರುವ ಕೆಲಸ

ಓದುಗ ಬಂಧುಗಳೇ, ಈ ಇತಿಹಾಸದಿಂದ ತಿಳಿಯುವುದು ಇಷ್ಟು: ಅಂತರ್ಜಾಲ ಹಂಚುವುದು ತನಗೆ ಅರ್ಥವಾಗುವ ಅಕ್ಷರಗಳನ್ನು ಮಾತ್ರ. ಉಳಿದದ್ದು ಇದ್ದೂ ಇಲ್ಲದಂತೆ. ಇಂದಿನ ಕೃತಕ ಬುದ್ಧಿಮತ್ತೆಯ ಯಂತ್ರಗಳೂ ಅಂತರ್ಜಾಲದಲ್ಲಿ ಸಿಗುವ ಬರಹವನ್ನು ಓದಿಯೇ ಭಾಷೆ ಕಲಿಯುತ್ತವೆ. ನಮ್ಮ ಬರಹ ಅಲ್ಲಿ ಕಡಿಮೆಯಿದ್ದರೆ ನಮ್ಮ ಮಕ್ಕಳ ಪ್ರಶ್ನೆಗೆ ಅವು ಕೊಡುವ ಉತ್ತರವೂ ಬಡವಾಗುತ್ತದೆ.

ಹೀಗಿರುವಾಗ ನಮ್ಮಂತಹ ಶಿಕ್ಷಣ ಸಂಘಗಳ ಕಪಾಟು, ಸಿ.ಡಿ., ಹಳೆಯ ಹಾರ್ಡ್ ಡಿಸ್ಕುಗಳಲ್ಲಿ ಏನೇನಿವೆ ಎಂದು ಯೋಚಿಸಿ. ಹಿಂದಿನ ವರ್ಷಗಳ ವಾರ್ಷಿಕ ಸಂಚಿಕೆಗಳು, ಎಸ್ಸೆಸ್ಸೆಲ್ಸಿ ಮಾದರಿ ಪ್ರಶ್ನೆಪತ್ರಿಕೆಗಳು, ವಿದ್ಯಾರ್ಥಿವೇತನದ ಮಾಹಿತಿ, ಹಿರಿಯರ ಅನುಭವದ ಲೇಖನಗಳು. ಇವುಗಳಲ್ಲಿ ಎಷ್ಟೋ ಹಳೆಯ ಫಾಂಟುಗಳಲ್ಲಿ, ಹಳೆಯ ಇನ್‌ಪೇಜ್ ಕಡತಗಳಲ್ಲಿ ಸಿಕ್ಕಿಕೊಂಡಿರುತ್ತವೆ. ಅವನ್ನು ತೆರೆಯಬಲ್ಲ ಯಂತ್ರಗಳು ಒಂದೊಂದಾಗಿ ಕೆಟ್ಟು ಮೂಲೆ ಸೇರುತ್ತಿವೆ. ಕಾಗದಕ್ಕೆ ಗೆದ್ದಲು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಕಡತ ಸತ್ತರೆ ಯಾರಿಗೂ ಗೊತ್ತಾಗುವುದಿಲ್ಲ.

ಮಾಡಬಹುದಾದ ಕೆಲಸ ಕಷ್ಟದ್ದಲ್ಲ. ಒಂದು, ಇನ್ನು ಮುಂದೆ ಸಂಘದ ಪ್ರತಿ ಬರಹವೂ ಯೂನಿಕೋಡ್‌ನಲ್ಲೇ ಇರಲಿ. ನುಡಿ, ಬರಹ, ಇನ್‌ಪೇಜ್‌ಗಳ ನಂತರದ ಆವೃತ್ತಿಗಳಲ್ಲಿ ಈ ಸೌಲಭ್ಯವಿದೆ. ಎರಡು, ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ತಂತ್ರಾಂಶಗಳು ಲಭ್ಯವಿವೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅಂಕಿಗಳಲ್ಲಿ ತಪ್ಪು ನುಸುಳುವುದರಿಂದ ಭಾಷೆ ಬಲ್ಲವರು ಒಮ್ಮೆ ಓದಿ ತಿದ್ದಬೇಕು. ಮೂರು, ಅಚ್ಚಿನಲ್ಲಿ ಮಾತ್ರ ಉಳಿದಿರುವ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ, ಲೇಖಕರ ಒಪ್ಪಿಗೆ ಪಡೆದು, ಆಯ್ದ ಲೇಖನಗಳನ್ನು ಟೈಪ್ ಮಾಡಿಸಿ ಎಲ್ಲರಿಗೂ ಸಿಗುವಂತೆ ಇಡಬೇಕು.

ಇದಕ್ಕೆ ದೊಡ್ಡ ಹಣವೇನೂ ಬೇಡ. ಕನ್ನಡ ಬಲ್ಲ ಇಬ್ಬರು, ಉರ್ದು ಬಲ್ಲ ಇಬ್ಬರು, ಪ್ರೌಢಶಾಲೆ ಅಥವಾ ಕಾಲೇಜಿನ ವಿದ್ಯಾರ್ಥಿಗಳು ಬೇಸಿಗೆ ರಜೆಯಲ್ಲಿ ಒಂದು ಸಂಚಿಕೆಯನ್ನು ಮುಗಿಸಬಲ್ಲರು. ಆ ನೆಪದಲ್ಲಿ ಅವರಿಗೆ ಎರಡು ಲಿಪಿಗಳಲ್ಲಿ ಬೆರಳಚ್ಚು ಬರುತ್ತದೆ, ಕಾಗುಣಿತ ಗಟ್ಟಿಯಾಗುತ್ತದೆ, ಹಿರಿಯರು ಬರೆದದ್ದನ್ನು ಓದಿದಂತೆಯೂ ಆಗುತ್ತದೆ. ಮಿರ್ಜಾ ಜಮೀಲ್ ಸಾವಿರಾರು ಅಕ್ಷರಗುಚ್ಛಗಳನ್ನು ಒಂದೊಂದಾಗಿ ಬರೆದರು. ಕೆ.ಪಿ. ರಾವ್ ಕಾಗುಣಿತವನ್ನು ಕೀಲಿಮಣೆಗೆ ಇಳಿಸಿದರು. ಅವರು ಕಟ್ಟಿಕೊಟ್ಟ ದಾರಿ ಈಗ ನಮ್ಮ ಮನೆಯ ಮುಂದೆಯೇ ಹಾದುಹೋಗಿದೆ. ಈ ರಜೆಯಲ್ಲಿ ಒಂದು ಹಳೆಯ ಸಂಚಿಕೆಯನ್ನು ಕೈಗೆತ್ತಿಕೊಳ್ಳಲು ಯಾರು ಮುಂದೆ ಬರುತ್ತೀರಿ?