ಹೊರಗೆ ಕೊಡದ ಪುಸ್ತಕಗಳು: ಕಂಪ್ಯೂಟರ್ ವಿಜ್ಞಾನದ ಪರಾಮರ್ಶನ ಸಾಹಿತ್ಯ ನಡೆದುಬಂದ ದಾರಿ

ಚನ್ನರಾಯಪಟ್ಟಣ ಎಂದ ಕೂಡಲೇ ಹೆಚ್ಚಿನವರಿಗೆ ಹಾಸನ ಜಿಲ್ಲೆಯ ಊರು ನೆನಪಾಗುತ್ತದೆ. ಇಲ್ಲಿ ಹೇಳಹೊರಟದ್ದು ಬೆಂಗಳೂರು ಗ್ರಾಮಾಂತರ ಜಿಲ್ಲೆ ದೇವನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರದ ಬಗ್ಗೆ. ಈ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಭೂಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಮಿಕ್ಕಿ ಹೋರಾಡಿದ್ದು, 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟದ್ದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ಒಂದೇ ಹೆಸರಿನ ಎರಡು ಊರುಗಳಲ್ಲಿ ಯಾವುದು ಯಾವುದೆಂದು ಮೊದಲೇ ಹೇಳಿಬಿಡುವುದು ಗ್ರಂಥಾಲಯದವರ ಹಳೆಯ ಅಭ್ಯಾಸ. ಪರಾಮರ್ಶನ ಗ್ರಂಥಗಳೆಲ್ಲ ಹುಟ್ಟಿದ್ದು ಇಂಥ ಗೊಂದಲ ಬಿಡಿಸುವುದಕ್ಕೇ.

ಈ ಹಳ್ಳಿಗಳಿಂದ ದೇವನಹಳ್ಳಿ, ದೊಡ್ಡಬಳ್ಳಾಪುರ, ಯಲಹಂಕದ ಕಡೆಯ ಎಂಜಿನಿಯರಿಂಗ್ ಕಾಲೇಜುಗಳಿಗೆ ಬಸ್ಸು ಹತ್ತುವ ಮಕ್ಕಳು ಕೇಳಿ ಪಡೆಯುವುದು ಕಂಪ್ಯೂಟರ್ ಸೈನ್ಸ್. ಕೊನೆಯ ವರ್ಷ ಬಂತೆಂದರೆ ಪ್ರಾಜೆಕ್ಟ್ ವರದಿ, ಅದರಲ್ಲೊಂದು ‘ಲಿಟರೇಚರ್ ಸರ್ವೆ’ ಅಧ್ಯಾಯ. ಅದು ತಯಾರಾಗುವ ಬಗೆ ಗುಟ್ಟೇನಲ್ಲ. ಗೂಗಲ್‌ನಲ್ಲಿ ಮೊದಲು ಸಿಕ್ಕ ಹತ್ತು ಪ್ರಬಂಧಗಳ ಸಾರಾಂಶ, ಹಿಂದಿನ ಬ್ಯಾಚಿನವರ ವರದಿಯಿಂದ ಎತ್ತಿದ ಎರಡು ಪುಟ, ಈಚೆಗೆ ಚಾಟ್‌ಬಾಟ್ ಬರೆದುಕೊಟ್ಟ ಉಲ್ಲೇಖಗಳ ಪಟ್ಟಿ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಪಠ್ಯಪುಸ್ತಕಕ್ಕೂ ಸಂಶೋಧನಾ ಪ್ರಬಂಧಕ್ಕೂ ನಡುವೆ ಹಿಂದೆ ಕೆಲವು ಮೆಟ್ಟಿಲುಗಳಿದ್ದವು. ಅವು ಸವೆದುಹೋದದ್ದು ಅವರ ತಪ್ಪಲ್ಲ.

ಕಂಪ್ಯೂಟರ್ ಶಾಸ್ತ್ರಕ್ಕೆ ತನ್ನದೇ ಪರಾಮರ್ಶನ ಸಾಹಿತ್ಯ ಬಂದದ್ದು ತಡವಾಗಿ. ಭೌತವಿಜ್ಞಾನಕ್ಕೂ ವಿದ್ಯುತ್ ಎಂಜಿನಿಯರಿಂಗಿಗೂ ‘ಸೈನ್ಸ್ ಅಬ್‌ಸ್ಟ್ರಾಕ್ಟ್ಸ್’ ಎಂಬ ಸಾರಾಂಶ ಪತ್ರಿಕೆ 1898ರಿಂದಲೇ ಲಂಡನ್ನಿನಿಂದ ಬರುತ್ತಿತ್ತು. ಅದಕ್ಕೆ ನಿಯಂತ್ರಣ ತಂತ್ರಜ್ಞಾನದ ಮೂರನೆಯ ವಿಭಾಗ ಸೇರಿದ್ದು 1966ರಲ್ಲಿ. ಕಂಪ್ಯೂಟರಿನ ಹೆಸರು ಅದರ ಮುಖಪುಟಕ್ಕೆ ಏರಿದ್ದು 1969ರಲ್ಲಿ. ಅಷ್ಟರಲ್ಲಿ ಅಮೆರಿಕದ ಎಸಿಎಂ ಸಂಘ (ಸ್ಥಾಪನೆ 1947) 1960ರಲ್ಲೇ ‘ಕಂಪ್ಯೂಟಿಂಗ್ ರಿವ್ಯೂಸ್’ ಶುರುಮಾಡಿತ್ತು. ಅದರಲ್ಲಿ ಬರುತ್ತಿದ್ದುದು ಬರೀ ಸಾರಾಂಶವಲ್ಲ. ಆ ವಿಷಯ ಬಲ್ಲವರೊಬ್ಬರು ಪ್ರಬಂಧವನ್ನು ಪೂರ್ತಿ ಓದಿ, ಇದರಲ್ಲಿ ಹೊಸದೇನು, ಇದು ಯಾರಿಗೆ ಬೇಕು, ಎಲ್ಲಿ ಸೋತಿದೆ ಎಂದು ತಮ್ಮ ಹೆಸರು ಹಾಕಿ ಬರೆಯುತ್ತಿದ್ದರು. ಕಲಿಯುವವನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. 1969ರಲ್ಲಿ ಅದೇ ಸಂಘದ ‘ಕಂಪ್ಯೂಟಿಂಗ್ ಸರ್ವೇಸ್’ ಬಂತು. ಒಂದು ವಿಷಯದ ಹತ್ತಾರು ವರ್ಷಗಳ ಕೆಲಸವನ್ನು ಒಂದು ಲೇಖನದಲ್ಲಿ ಜೋಡಿಸಿಕೊಡುವ ಪತ್ರಿಕೆ ಅದು. ನಿಜವಾದ ಲಿಟರೇಚರ್ ಸರ್ವೆ ಹೇಗಿರುತ್ತದೆಂದು ನೋಡಬೇಕಾದವರು ಅದರ ಯಾವುದೇ ಸಂಚಿಕೆ ತೆರೆಯಬಹುದು.

ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಸ್ವಾರಸ್ಯವೆನಿಸುವ ಮನುಷ್ಯ ಹಾನ್ಸ್ ಪೀಟರ್ ಲೂನ್. ಜರ್ಮನಿಯಲ್ಲಿ ಹುಟ್ಟಿ ಅಮೆರಿಕ ಸೇರಿದವರು, ಜವಳಿ ಉದ್ಯಮದಿಂದ ಬಂದವರು. ಬಟ್ಟೆಯ ಎಳೆ ಎಣಿಸುವ ಸಾಧನವೊಂದನ್ನು ರೂಪಿಸಿ ಹೆಸರು ಮಾಡಿದ್ದರು. ದೊಡ್ಡಬಳ್ಳಾಪುರದ ಮಗ್ಗದವರು ಮೆಚ್ಚಿಕೊಳ್ಳಬಹುದಾದ ಆಸಾಮಿ. ಆಮೇಲೆ ಐಬಿಎಂ ಸೇರಿದರು. ಇಂದು ಪ್ರತಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ ಎರಡನೇ ವರ್ಷದಲ್ಲಿ ಕಲಿಯುವ ‘ಹ್ಯಾಶಿಂಗ್’ ಮೊದಲು ಕಾಣಿಸಿಕೊಂಡದ್ದು ಲೂನ್ 1953ರ ಜನವರಿಯಲ್ಲಿ ಕಂಪನಿಯೊಳಗೆ ಬರೆದ ಟಿಪ್ಪಣಿಯಲ್ಲಿ. ನಮ್ಮ ಬ್ಯಾಂಕ್ ಕಾರ್ಡಿನ ಕೊನೆಯ ಅಂಕಿ ತಾಳೆ ನೋಡುವ ಲೆಕ್ಕವೂ ಅವರದೇ. 1950ರ ದಶಕದ ಕೊನೆಗೆ ಅವರು ಗ್ರಂಥಾಲಯದ ಕಡೆ ತಿರುಗಿ ಎರಡು ಕೆಲಸ ಮಾಡಿದರು. ಪ್ರಬಂಧಗಳ ಶೀರ್ಷಿಕೆಯ ಪ್ರತಿ ಮುಖ್ಯ ಪದವನ್ನೂ ಯಂತ್ರದಿಂದಲೇ ಅಕಾರಾದಿಯಾಗಿ ಜೋಡಿಸುವ ‘ಕ್ವಿಕ್’ ಸೂಚಿ ಒಂದು. ಓದುಗನ ಆಸಕ್ತಿಯ ಪದಗಳನ್ನು ಮೊದಲೇ ಬರೆದಿಟ್ಟುಕೊಂಡು, ಹೊಸದಾಗಿ ಬಂದದ್ದರಲ್ಲಿ ಅವನಿಗೆ ಬೇಕಾದಷ್ಟನ್ನೇ ಆರಿಸಿ ಕಳಿಸುವ ‘ಎಸ್‌ಡಿಐ’ ಸೇವೆ ಇನ್ನೊಂದು. ಕಂಪ್ಯೂಟರನ್ನು ಕಟ್ಟಿದವರೂ ಪುಸ್ತಕದ ಸೂಚಿ ಬರೆದವರೂ ಒಂದೇ ಕೋಣೆಯಲ್ಲಿ ಕೂತಿದ್ದ ಕಾಲ ಅದು.

ಲೂನ್ ಅವರ ಟಿಪ್ಪಣಿಯ ಸಂಗತಿ ತಿಳಿಯುವುದು ಡೊನಾಲ್ಡ್ ಕನೂತ್ ಅವರ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಮೂರನೇ ಸಂಪುಟದ 6.4ನೇ ವಿಭಾಗದಿಂದ. 1968ರಲ್ಲಿ ಆರಂಭವಾಗಿ ಇನ್ನೂ ಮುಗಿಯದ ಈ ಗ್ರಂಥಮಾಲೆಯನ್ನು ನಮ್ಮ ಕಾಲೇಜುಗಳಲ್ಲಿ ಕಷ್ಟದ ಪಠ್ಯಪುಸ್ತಕವೆಂದು ಪಕ್ಕಕ್ಕಿಡುತ್ತಾರೆ. ಅದನ್ನು ಪರಾಮರ್ಶನ ಗ್ರಂಥವಾಗಿ ಬಳಸಬೇಕು. ಗಣಿತ ಬಿಟ್ಟು ಓದಿದರೂ ನಡೆಯುತ್ತದೆ. ವಿಷಯ ಮುಗಿದ ಮೇಲೆ ಕನೂತ್ ಬರೆಯುವ ಚರಿತ್ರೆಯ ಪುಟಗಳಲ್ಲಿ ಯಾರು, ಯಾವಾಗ, ಯಾವ ಪತ್ರಿಕೆಯಲ್ಲಿ ಮೊದಲು ಹೇಳಿದರು ಎಂಬುದು ಸಿಗುತ್ತದೆ. ಒಂದು ವಿಷಯದ ಬೇರು ಹುಡುಕಲು ಅರ್ಧ ದಿನ ಸಾಕು.

ಇತ್ತ ಬೆಂಗಳೂರಿನಲ್ಲಿ ಎಸ್.ಆರ್. ರಂಗನಾಥನ್ 1962ರಲ್ಲಿ ಡಿಆರ್‌ಟಿಸಿ ಎಂಬ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1933ರ ಅವರ ಕೋಲನ್ ವರ್ಗೀಕರಣ ಒಂದು ವಿಷಯವನ್ನು ಹಲವು ಮುಖಗಳಾಗಿ ಒಡೆದು ನೋಡುತ್ತದೆ. ಮೊಬೈಲ್ ಅಂಗಡಿಯ ಜಾಲತಾಣದಲ್ಲಿ ಬೆಲೆ, ಬ್ರ್ಯಾಂಡ್, ಬಣ್ಣ ಎಂದು ಒಂದೊಂದೇ ಗುರುತು ಹಾಕಿ ಪಟ್ಟಿ ಕಿರಿದು ಮಾಡುತ್ತೇವಲ್ಲ, ಅದರ ಹಿಂದಿರುವುದೂ ಇದೇ ಬಗೆಯ ಯೋಚನೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯೂ ಈ ಕಾಲದ್ದೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1969ರಲ್ಲಿ ಸ್ಕೂಲ್ ಆಫ್ ಆಟೊಮೇಷನ್ ಶುರುವಾಯಿತು. ಇಂದಿನ ಕಂಪ್ಯೂಟರ್ ವಿಜ್ಞಾನ ವಿಭಾಗ ಬೆಳೆದದ್ದು ಅದರಿಂದ.

ಆ ದಿನಗಳಲ್ಲಿ ಒಂದು ವಿಷಯ ಹುಡುಕುವುದೆಂದರೆ ಇಡೀ ದಿನದ ಕೆಲಸ. ಸಾರಾಂಶ ಪತ್ರಿಕೆಯ ಬೈಂಡ್ ಮಾಡಿದ ವಿಷಯಸೂಚಿ ಸಂಪುಟ ಇಳಿಸಿ, ಪದ ಹುಡುಕಿ, ಅದರ ಮುಂದಿರುವ ಸಾರಾಂಶ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಬೇಕು. ಆಮೇಲೆ ಆ ಸಂಖ್ಯೆಗಳ ತಿಂಗಳ ಸಂಚಿಕೆ ತೆಗೆದು ಸಾರಾಂಶ ಓದಬೇಕು. ಬೇಕೆನಿಸಿದ್ದು ಯಾವ ಜರ್ನಲ್‌ನಲ್ಲಿದೆ, ಆ ಜರ್ನಲ್ ದೇಶದಲ್ಲಿ ಯಾರ ಬಳಿ ಇದೆ ಎಂದು ಒಕ್ಕೂಟ ಸೂಚಿಯಲ್ಲಿ ನೋಡಿ, ಕಾಗದ ಬರೆದು ಜೆರಾಕ್ಸ್ ತರಿಸಬೇಕು. ಈ ನಿಧಾನದಲ್ಲಿ ಒಂದು ಲಾಭವಿತ್ತು: ಪ್ರಬಂಧ ಕೈಗೆ ಬರುವ ಹೊತ್ತಿಗೆ ಅದರ ಸುತ್ತಲಿನ ಐವತ್ತು ಸಾರಾಂಶ ಓದಿ ಆಗಿರುತ್ತಿತ್ತು.

1983ರಲ್ಲಿ ಯುಜಿಸಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರ ತೆರೆದ ಮೇಲೆ ಲೂನ್ ಯೋಚಿಸಿದ ಸೇವೆ ಬೆಂಗಳೂರಿಗೂ ಬಂತು. ಯಾವ ಊರಿನ ಸಂಶೋಧಕರೇ ಆಗಲಿ ತಮ್ಮ ವಿಷಯದ ಪದಗಳನ್ನು ಬರೆದು ಕಳಿಸುವುದು, ಕೇಂದ್ರದ ಕಂಪ್ಯೂಟರ್ ವಿದೇಶದಿಂದ ಬಂದ ಮ್ಯಾಗ್ನೆಟಿಕ್ ಟೇಪುಗಳಲ್ಲಿ ಹೊಂದುವುದನ್ನು ಆರಿಸಿ ಮುದ್ರಿಸುವುದು, ಹಾಳೆಗಳು ಅಂಚೆಯಲ್ಲಿ ಮನೆ ಸೇರುವುದು. ಇಂದಿನ ‘ಅಲರ್ಟ್’ ಇಮೇಲಿನ ಹಿರಿಯಣ್ಣ.

ಇದೇ ಕಾಲದಲ್ಲಿ ರ‍್ಯಾಕುಗಳೂ ಸ್ಥಾನ ಬದಲಿಸಿದವು. ಡ್ಯೂಯಿ ದಶಾಂಶ ವರ್ಗೀಕರಣದ ಹಳೆಯ ಆವೃತ್ತಿಗಳಲ್ಲಿ ಕಂಪ್ಯೂಟರಿಗೆ ಸರಿಯಾದ ಮನೆಯೇ ಇರಲಿಲ್ಲ. ಪ್ರೋಗ್ರಾಮಿಂಗ್ 001.6ರಲ್ಲಿ, ಯಂತ್ರಭಾಗಗಳ ಎಂಜಿನಿಯರಿಂಗ್ ದೂರದ 621.3819ರಲ್ಲಿ, ಕೃತಕ ಬುದ್ಧಿಮತ್ತೆ 001.535ರಲ್ಲಿ. 1985ರ ಪರಿಷ್ಕರಣೆ 004, 005, 006 ಎಂಬ ಮೂರು ಸಂಖ್ಯೆಗಳನ್ನು ಇದಕ್ಕೇ ಮೀಸಲಿಟ್ಟಿತು. ಕೃತಕ ಬುದ್ಧಿಮತ್ತೆ 006.3 ಆಯಿತು. ಹಳೆಯ ಕಾಲೇಜು ಗ್ರಂಥಾಲಯಗಳಲ್ಲಿ ಎಷ್ಟೋ ಪುಸ್ತಕಗಳ ಬೆನ್ನಿನ ಮೇಲೆ ಈಗಲೂ ಹಳೆಯ ಚೀಟಿಯೇ ಇರುತ್ತದೆ. ಹಾಗಾಗಿ ಹುಡುಕುವವರು ಎರಡೂ ಕಡೆ ಕಣ್ಣಾಡಿಸುವುದು ಒಳ್ಳೆಯದು.

ವಿಶ್ವಕೋಶಗಳ ಕಥೆ ಬೇಗ ಮುಗಿಯುತ್ತದೆ. ಆಂಟನಿ ರಾಲ್‌ಸ್ಟನ್ ಸಂಪಾದಿಸಿದ ‘ಎನ್‌ಸೈಕ್ಲೊಪೀಡಿಯಾ ಆಫ್ ಕಂಪ್ಯೂಟರ್ ಸೈನ್ಸ್’ 1976ರಲ್ಲಿ ಬಂತು. ಒಂದೇ ಸಂಪುಟ, ಬರೆದವರು ಆ ಕ್ಷೇತ್ರವನ್ನು ಕಟ್ಟಿದವರು. ನಾಲ್ಕನೆಯ ಆವೃತ್ತಿ 2000ದಲ್ಲಿ ಬಂತು, ಆಮೇಲೆ ಇಲ್ಲ. ಹೊಸ ಸಂಗತಿಗೆ ಅದು ಉಪಯೋಗವಿಲ್ಲ, ನಿಜ. ಆದರೆ ವರ್ಚುಯಲ್ ಮೆಮೊರಿ ಏಕೆ ಬೇಕಾಯಿತು, ಕಂಪೈಲರ್ ಹೇಗೆ ಬೆಳೆಯಿತು ಎಂದು ತಿಳಿಯಲು ಇವತ್ತಿಗೂ ನಾನು ಅದನ್ನೇ ಮೊದಲು ತೋರಿಸುತ್ತೇನೆ. ಹಳತಾಯಿತೆಂದು ತೂಕಕ್ಕೆ ಹಾಕುವ ಗ್ರಂಥಾಲಯಗಳನ್ನು ಕಂಡರೆ ಸಂಕಟವಾಗುತ್ತದೆ.

ಆಮೇಲೆ ಎಲ್ಲವೂ ಪರದೆಗೆ ಬಂತು. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದಲ್ಲಿ ಮಿಖಾಯೆಲ್ ಲೇ 1993ರಲ್ಲಿ ಶುರುಮಾಡಿದ ‘ಡಿಬಿಎಲ್‌ಪಿ’ ಈಗ 70 ಲಕ್ಷಕ್ಕೂ ಹೆಚ್ಚು ಪ್ರಕಟಣೆಗಳ ಸೂಚಿ, ಪೂರ್ತಿ ಉಚಿತ. ಕಂಪ್ಯೂಟರ್ ಶಾಸ್ತ್ರದಲ್ಲಿ ಜರ್ನಲ್‌ಗಳಷ್ಟೇ ತೂಕ ಕಾನ್ಫರೆನ್ಸ್ ಪ್ರಬಂಧಗಳಿಗೂ ಇದೆ. ಜರ್ನಲ್‌ಗಳನ್ನು ನಂಬಿ ಬೆಳೆದ ಸಾರಾಂಶ ಪತ್ರಿಕೆಗಳು ಇದನ್ನು ಹಿಡಿಯುವುದರಲ್ಲಿ ಹಿಂದೆ ಬಿದ್ದವು, ಡಿಬಿಎಲ್‌ಪಿ ಅಲ್ಲೇ ಗೆದ್ದಿತು. ಒಂದೇ ಹೆಸರಿನ ಲೇಖಕರನ್ನು 0001, 0002 ಎಂದು ಅಂಕಿ ಕೊಟ್ಟು ಬೇರೆ ಮಾಡುತ್ತದೆ. ಇನಿಷಿಯಲ್ ಹಿಂದೆ ಮುಂದೆ ಮಾಡಿ ಬರೆಯುವ ನಮ್ಮವರಿಗೆ ಇದು ಬಹಳ ಬೇಕು. ಆದರೆ ಅದರಲ್ಲಿ ಸಾರಾಂಶವಿಲ್ಲ, ವಿಷಯಸೂಚಿ ಇಲ್ಲ. ಹೆಸರು, ಶೀರ್ಷಿಕೆ, ಎಲ್ಲಿ, ಯಾವಾಗ, ಅಷ್ಟೇ. 2004ರಲ್ಲಿ ಬಂದ ಗೂಗಲ್ ಸ್ಕಾಲರ್ ಯಾರನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆಂದು ಎಣಿಸಿ ಹೇಳುತ್ತದೆ. ಓದಿ ಅಭಿಪ್ರಾಯ ಹೇಳುವವರು ಅಲ್ಲೂ ಇಲ್ಲ.

ಪ್ರಬಂಧಗಳ ಬಾಗಿಲು ಮಾತ್ರ ಅಗಲವಾಗಿ ತೆರೆದಿದೆ. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ 6,000 ಕೋಟಿ ರೂಪಾಯಿಯ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದು ಸರ್ಕಾರಿ ಸಂಸ್ಥೆಗಳಿಗೆ. ಗ್ರಾಮಾಂತರ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳು ಬಹುಪಾಲು ಖಾಸಗಿ, ಅವು ವಿಟಿಯು ಒಕ್ಕೂಟದ ಚಂದಾ ನೆಚ್ಚಿಕೊಳ್ಳಬೇಕು. ಎಸಿಎಂ 2022ರಲ್ಲಿ ತನ್ನ 1951ರಿಂದ 2000ದವರೆಗಿನ ಪ್ರಕಟಣೆಗಳನ್ನು ಬಿಟ್ಟಿಯಾಗಿ ತೆರೆಯಿತು. 2026ರ ಜನವರಿಯಿಂದ ಉಳಿದದ್ದನ್ನೂ ತೆರೆಯಿತು. ಚನ್ನರಾಯಪಟ್ಟಣದ ಹುಡುಗಿಯೊಬ್ಬಳು ಮೊಬೈಲಿನಲ್ಲೇ ಆ ಪ್ರಬಂಧಗಳನ್ನು ಓದಬಹುದು. ವಿಚಿತ್ರವೆಂದರೆ, ಅದೇ ಸಂಘದ ‘ಗೈಡ್ ಟು ಕಂಪ್ಯೂಟಿಂಗ್ ಲಿಟರೇಚರ್’ ಎಂಬ ಸೂಚಿ ಹಣ ಕೊಟ್ಟವರ ಆವೃತ್ತಿಯಲ್ಲಿದೆ. ಪ್ರಬಂಧ ಪುಕ್ಕಟೆ, ದಾರಿ ತೋರಿಸುವುದಕ್ಕೆ ದುಡ್ಡು.

ಕನ್ನಡದಲ್ಲಿ ಈ ನಡುವಿನ ಮೆಟ್ಟಿಲು ಗಟ್ಟಿಯಾಗಿ ನಿಂತದ್ದೇ ಇಲ್ಲ. ಪರಂಪರೆ ಇಲ್ಲವೆಂದಲ್ಲ. ಶಿವರಾಮ ಕಾರಂತರು ಒಬ್ಬರೇ ‘ಬಾಲಪ್ರಪಂಚ’, ಆಮೇಲೆ ‘ವಿಜ್ಞಾನ ಪ್ರಪಂಚ’ ಬರೆದರು. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ‘ಜ್ಞಾನ ಗಂಗೋತ್ರಿ’ ಬಂತು. ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ 1969ರಿಂದ 2004ರವರೆಗೆ 14 ಸಂಪುಟಗಳಲ್ಲಿ ಮುಗಿಯಿತು. ಮೊದಲ ಸಂಪುಟ ಬಂದಾಗ ಕಂಪ್ಯೂಟರ್ ಕೋಣೆ ತುಂಬುವ ಯಂತ್ರ. ಕೊನೆಯದು ಬಂದಾಗ ಹಳ್ಳಿಗಳ ಪಹಣಿಯೂ ಕಂಪ್ಯೂಟರಿನಿಂದ ಬರುತ್ತಿತ್ತು. ಅಕಾರಾದಿಯಾಗಿ ಸಾಗುವ ಕೋಶ ಇಂಥ ಓಟವನ್ನು ಹಿಡಿಯಲಾರದು, ತಪ್ಪು ಯಾರದೂ ಅಲ್ಲ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಾ ಇದೆ. ಯು.ಬಿ. ಪವನಜ, ಟಿ.ಜಿ. ಶ್ರೀನಿಧಿ ಅವರಂಥವರು ತಂತ್ರಜ್ಞಾನದ ಬರಹವನ್ನು ವರ್ಷಗಟ್ಟಲೆ ಕೈಯಾರೆ ಬೆಳೆಸಿದ್ದಾರೆ. ಆದರೆ ಸಂಶೋಧನೆಗೆ ಹೊರಡುವವನಿಗೆ ಈ ವಿಷಯಕ್ಕೆ ಮೊದಲು ಇದನ್ನು ಓದು, ಆಮೇಲೆ ಇದನ್ನು ಎಂದು ಹೇಳುವ ಮಾರ್ಗದರ್ಶಿ ಕನ್ನಡದಲ್ಲಿ ಇನ್ನೂ ಬರಬೇಕು.

ಸದ್ಯಕ್ಕೆ ಕೈಯಲ್ಲಿರುವುದರಿಂದಲೇ ಮೆಟ್ಟಿಲು ಕಟ್ಟಿಕೊಳ್ಳಬಹುದು. ಪದದ ಅರ್ಥಕ್ಕೆ ಆಕ್ಸ್‌ಫರ್ಡ್‌ನ ಕಂಪ್ಯೂಟರ್ ವಿಜ್ಞಾನ ನಿಘಂಟು (2016ರ ಏಳನೇ ಆವೃತ್ತಿ) ಅಥವಾ ಅಮೆರಿಕದ ನಿಸ್ಟ್ ಸಂಸ್ಥೆಯ ಉಚಿತ ಆಲ್ಗಾರಿದಂ ನಿಘಂಟು ನೋಡುವುದು. ಆಮೇಲೆ ಒಂದು ಸಮೀಕ್ಷಾ ಲೇಖನ ಪೂರ್ತಿ ಓದುವುದು. ಹಳೆಯ ಎಸಿಎಂ ಪ್ರಬಂಧಗಳ ಮೊದಲ ಪುಟದಲ್ಲಿ H.3.3 ಎಂಬಂಥ ಗುರುತುಗಳಿರುತ್ತವೆ, ಅವು ಆ ಸಂಘದ ವರ್ಗೀಕರಣದ ಸಂಖ್ಯೆಗಳು. ಅದೇ ಸಂಖ್ಯೆಯ ಬೇರೆ ಪ್ರಬಂಧಗಳು ಒಂದೇ ಕುಟುಂಬದವು. ಚಾಟ್‌ಬಾಟ್ ಕೊಟ್ಟ ಪ್ರತಿ ಉಲ್ಲೇಖದ ಶೀರ್ಷಿಕೆಯನ್ನೂ ಡಿಬಿಎಲ್‌ಪಿಯಲ್ಲಿ ಹಾಕಿ ನೋಡುವುದು. ಅಲ್ಲಿ ಸಿಗದಿದ್ದರೆ ಪ್ರಕಾಶಕರ ತಾಣದಲ್ಲಿ, ಅಲ್ಲೂ ಇಲ್ಲದಿದ್ದರೆ ವರದಿಯಿಂದ ಹೊಡೆದುಹಾಕುವುದು.

ಇನ್ನೊಂದು ಮಾತು ಊರಿನವರಿಗೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು, ಈಗ ‘ಅರಿವು ಕೇಂದ್ರ’ಗಳೆಂದು ಕರೆಸಿಕೊಳ್ಳುತ್ತಿವೆ. ಹೆಚ್ಚಿನ ಕಡೆ ಅವುಗಳ ರ‍್ಯಾಕು ತುಂಬಿರುವುದು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಂದ. ನಮ್ಮ ಪಂಚಾಯಿತಿಗಳಲ್ಲಿ ಮುಂದಿನ ಪುಸ್ತಕ ಖರೀದಿಯ ಪಟ್ಟಿ ಸಿದ್ಧವಾಗುವಾಗ ಕಂಪ್ಯೂಟರ್ ಓದುವ ಮಕ್ಕಳಿರುವ ತಂದೆ ತಾಯಂದಿರು ಹೋಗಿ, ಒಂದು ನಿಘಂಟು, ಒಂದು ವಿಶ್ವಕೋಶ ಸೇರಿಸಿ ಎಂದು ಗ್ರಂಥಪಾಲಕರಿಗೆ ಬರಹದಲ್ಲಿ ಕೊಡಿ. ಬಾಯಿಮಾತಿನಲ್ಲಿ ಹೇಳಿದ್ದು ಪಟ್ಟಿ ಸೇರುವುದಿಲ್ಲ.