ಮಂಡ್ಯದ ಬಡಾವಣೆಗಳು: ಒಂದು ಐತಿಹಾಸಿಕ ಅವಲೋಕನ

ಶಾಸನ, ಕಡತಗಳಂತೆಯೇ ಊರಿನ ಬೀದಿಗಳೂ ಇತಿಹಾಸಕ್ಕೆ ಆಕರಗಳೆಂಬುದು ಮಂಡ್ಯದಲ್ಲಿ ಚೆನ್ನಾಗಿ ಮನವರಿಕೆಯಾಗುತ್ತದೆ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಇಲ್ಲಿಯ ಬೆದ್ದಲನ್ನು ಕಬ್ಬಿನ ಗದ್ದೆಯಾಗಿಸಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವು ಜಿಲ್ಲಾ ಕೇಂದ್ರವಾಯಿತು. ಊರು ಬೆಳೆದುದು ಈ ಮೂರರ ಫಲವಾಗಿ.

ಕಾರ್ಖಾನೆಯ ನೆರೆಯ ಷುಗರ್ ಟೌನಿನಿಂದ ನಾವು ಹೊರಡೋಣ. ವಸತಿಯು ಉದ್ಯಮವನ್ನು ಹಿಂಬಾಲಿಸಿ ಬಂದಿತೆಂಬುದನ್ನು ಅದರ ಹೆಸರೇ ಸಾರುತ್ತದೆ. ಸುಭಾಷ್‌ನಗರ, ಗಾಂಧಿನಗರಗಳನ್ನು ಹೊಕ್ಕೊಡನೆ ಹೆಸರಿನ ಧಾಟಿ ಬದಲಾಗುತ್ತದೆ. ಸಕ್ಕರೆಯ ಸ್ಥಾನದಲ್ಲಿ ರಾಷ್ಟ್ರನಾಯಕರು ನಿಲ್ಲುತ್ತಾರೆ. ನೆರೆಯ ಮದ್ದೂರಿನ ಶಿವಪುರದಲ್ಲಿ 1938ರ ಧ್ವಜ ಸತ್ಯಾಗ್ರಹವನ್ನು ಕಂಡ ಸೀಮೆಗೆ ಇದು ಸಹಜವೇ ಸರಿ.

ಮಳವಳ್ಳಿ ತಾಲ್ಲೂಕಿನಲ್ಲಿ ಕಬ್ಬಿನ ಪಾತ್ರವನ್ನು ವಿದ್ಯುಚ್ಛಕ್ತಿ ವಹಿಸಿತು. 1902ರ ಶಿವನಸಮುದ್ರ ವಿದ್ಯುದಾಗಾರದ ಬಳಿಯ ಬ್ಲಫ್, 1940ರ ಶಿಂಷಾ ವಿದ್ಯುದಾಗಾರದ ಬಳಿಯ ಶಿಂಷಾಪುರ ಇದಕ್ಕೆ ನಿದರ್ಶನಗಳು.

ಉದ್ಯಮವನ್ನು ನಂಬಿದ ವಸತಿಯು ಅದರೊಡನೆಯೇ ಏಳುಬೀಳುಗಳನ್ನು ಕಾಣುತ್ತದೆ. ಮಂಡ್ಯದ ಕಾರ್ಖಾನೆಯು ಕೆಲವು ವರ್ಷ ಸ್ಥಗಿತಗೊಂಡು 2022ರಲ್ಲಿ ಮರಳಿ ಕಬ್ಬು ಅರೆಯತೊಡಗಿತು. ಕಂಪೆನಿಯ ಲಾಭನಷ್ಟಗಳು ಲೆಕ್ಕಪುಸ್ತಕದಲ್ಲಿ ಉಳಿಯುತ್ತವೆ. ಕಾರ್ಮಿಕ ಕುಟುಂಬಗಳ ನೆನಪುಗಳಿಗೆ ಅಂತಹ ಆಶ್ರಯವಿಲ್ಲ. ಬೀದಿಬೀದಿಗಳಲ್ಲಿ ನಡೆದು, ಹಿರಿಯರನ್ನು ಕೇಳಿ ಅವನ್ನು ಬರೆದಿಡುವ ಕೆಲಸಕ್ಕೆ ನಮ್ಮ ವಿದ್ಯಾರ್ಥಿಗಳು ಮುಂದಾಗಬೇಕು.