ಎರಿ ಹೊಲದ ಬಿಳಿಜೋಳ: ನಮ್ಮ ಬೀಜ ನಡೆದು ಬಂದ ದಾರಿ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಸಾಲ, ಗೊಬ್ಬರ, ಲಾಭಾಂಶದ ಲೆಕ್ಕ ಬೇರೆ ಪುಟಗಳಲ್ಲಿ ಬಂದಿದೆ. ಆ ಲೆಕ್ಕಕ್ಕೆಲ್ಲ ಮೂಲ ಹೊಲದ ಬೆಳೆ. ಆದ್ದರಿಂದ ಹಿಂಗಾರಿ ಜೋಳದ ಇತಿಹಾಸವನ್ನು ನಾಲ್ಕು ಮಾತಿನಲ್ಲಿ ಸದಸ್ಯರ ಮುಂದೆ ಇಡುತ್ತಿದ್ದೇವೆ.

ಯಲಬುರ್ಗಾ ಸೀಮೆ ಎಂದರೆ ಒಂದು ಕಡೆ ಎರಿ, ಇನ್ನೊಂದು ಕಡೆ ಮಸಾರಿ. ಮಸಾರಿಗೆ ಸಜ್ಜೆ, ಎರಿಗೆ ಜೋಳ. ಗಂಗಾವತಿ ಕಡೆಯವರಿಗೆ ತುಂಗಭದ್ರೆಯ ಕಾಲುವೆ ಬಂತು, ಭತ್ತ ಬಂತು. ನಮಗೆ ಮಳೆಯೇ ಗತಿ. ಉತ್ತರಿ, ಹಸ್ತ ಮಳಿ ಕೈಕೊಟ್ಟರೆ ಮನುಷ್ಯರಿಗೂ ಇಲ್ಲ, ದನಕ್ಕೂ ಇಲ್ಲ.

ಇಂಥ ಭೂಮಿಗಾಗಿಯೇ ಸಂಶೋಧನೆ ಆರಂಭವಾದದ್ದು 1923ರಲ್ಲಿ, ಪುಣೆ ಹತ್ತಿರದ ಮಾಂಜರಿಯಲ್ಲಿ. ಮುಂದೆ 1933ರಿಂದ ಸೊಲ್ಲಾಪುರ, ಬಿಜಾಪುರ, ಹಗರಿ, ರಾಯಚೂರು ಮತ್ತು ರೋಹ್ಟಕ್‌ಗಳಲ್ಲಿ ಒಣ ಬೇಸಾಯದ ಪ್ರಯೋಗಗಳು ನಡೆದವು. ಆಗ ನಮ್ಮದು ನಿಜಾಮರ ಆಳ್ವಿಕೆಯ ರಾಯಚೂರು ಜಿಲ್ಲೆ. ಸೀಮೆ ಮೂರು ಸರಕಾರಗಳಲ್ಲಿ ಹಂಚಿಹೋಗಿತ್ತು: ಬಿಜಾಪುರ ಮುಂಬೈಗೆ, ಹಗರಿ ಮದ್ರಾಸಿಗೆ, ರಾಯಚೂರು ಹೈದರಾಬಾದಿಗೆ. ಆದರೆ ಬರ ಗಡಿ ನೋಡಿ ಬರುವುದಿಲ್ಲ.

ಆ ಪ್ರಯೋಗಗಳು ಹೇಳಿದ್ದೇನು? ಹೊಲಕ್ಕೆ ಒಡ್ಡು ಹಾಕಿರಿ, ಮೂರು ವರ್ಷಕ್ಕೊಮ್ಮೆ ಆಳವಾಗಿ ನೇಗಿಲು ಹೊಡೆಯಿರಿ, ಮಳೆಗಾಲದಲ್ಲಿ ಕುಂಟಿ ಹೊಡೆದು ತೇವ ಹಿಡಿಯಿರಿ, ಸಾಲಿನಿಂದ ಸಾಲಿಗೆ ಒಂದೂವರೆ ಅಡಿ ಬಿಟ್ಟು ಕಡಿಮೆ ಬೀಜ ಬಿತ್ತಿರಿ, ಎಡಿ ಹೊಡೆಯಿರಿ. ನಮ್ಮ ಹಿರ್ಯಾರು ಇದರಲ್ಲಿ ಅರ್ಧ ಮೊದಲೇ ಬಲ್ಲವರಾಗಿದ್ದರು. ಆದರೂ ಫಲ ದೊಡ್ಡದಾಗಲಿಲ್ಲ. ಇಳುವರಿ ಶೇಕಡಾ 15ರಿಂದ 20ರಷ್ಟು ಹೆಚ್ಚಿತು. ಆದರೆ ಮೂಲ ಇಳುವರಿಯೇ ಹೆಕ್ಟೇರಿಗೆ 200ರಿಂದ 400 ಕಿಲೋ. ಎಕರೆಗೆ ಒಂದು ಚೀಲಕ್ಕೆ ಹದಿನೈದು ಇಪ್ಪತ್ತು ಕಿಲೋ ಕೂಡಿದರೆ ಸಾಲ ತೀರೀತೇ?

ಬೇಸಾಯದ ಜೊತೆಗೆ ಬೀಜವೂ ಬೇಕಾಗಿತ್ತು. 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ರೈತರ ಮಾಲದಂಡಿ ಜೋಳದಿಂದಲೇ ಒಳ್ಳೆಯ ಗಿಡ ಆರಿಸಿ ಎಂ 35-1 ತಳಿಯನ್ನು ಬೇರ್ಪಡಿಸಿದರು. ಹೊರಗಿನಿಂದ ತಂದ ತಳಿ ಅಲ್ಲ. ರೈತರ ಕಣದ ಕಾಳೇ ಅದರ ಮೂಲ. ಮುತ್ತಿನಂಥ ದಪ್ಪ ಬಿಳಿ ಕಾಳು, ಎತ್ತರದ ದಂಟು, ಬರ ತಡೆಯುವ ಗುಣ.

1964ರಲ್ಲಿ ಸಿಎಸ್‌ಎಚ್-1 ಎಂಬ ದೇಶದ ಮೊದಲ ಹೈಬ್ರಿಡ್ ಜೋಳ ಬಂತು. ಮುಂಗಾರಿಯಲ್ಲಿ ಅದರ ಇಳುವರಿ ನಿಜಕ್ಕೂ ಹೆಚ್ಚು. ದೇಶಕ್ಕೆ ಕಾಳು ಬೇಕಾಗಿದ್ದ ಕಾಲದಲ್ಲಿ ಅದು ಉಪಕಾರ ಮಾಡಿತು. ಆದರೆ ದಂಟು ಗಿಡ್ಡ, ಕಣಿಕಿ ಕಡಿಮೆ. ತೆನಿ ಮಾಗುವಾಗ ಮಳಿ ಹೊಡೆದರೆ ಕಾಳು ಕಪ್ಪು. ರೊಟ್ಟಿ ಬಡಿಯುವ ತಾಯಂದಿರು "ಹಿಟ್ಟಿಗೆ ಜಿಗಿ ಇಲ್ಲ, ರುಚಿನೂ ಇಲ್ಲ" ಎಂದರು. ವರ್ಷವರ್ಷವೂ ಬೀಜ ಕೊಳ್ಳಬೇಕು. ಹೀಗಾಗಿ ಹಿಂಗಾರಿ ಎರಿಯಲ್ಲಿ ಎಂ 35-1 ಅಲುಗಲಿಲ್ಲ.

ಇದನ್ನು ನೋಡಿ ರೈತರು ಹಟಮಾರಿಗಳು ಎಂದವರುಂಟು. ನಾವು ಹಾಗೆ ತಿಳಿಯುವುದಿಲ್ಲ. ರೈತ ಬರೀ ಕಾಳನ್ನು ತೂಗಲಿಲ್ಲ; ಕಾಳು, ಕಣಿಕಿ, ರೊಟ್ಟಿ ಮೂರನ್ನೂ ಕೂಡಿ ತೂಗಿದ. ಬರಗಾಲದಲ್ಲಿ ಎತ್ತು ಉಳಿಸಿದ್ದು ಬಣವಿಯ ಕಣಿಕಿ. ಎತ್ತು ಹೋದರೆ ಮರುವರ್ಷ ಬಿತ್ತುವವರಾರು? ವಿಜ್ಞಾನಿಗಳೂ ಈ ಮಾತು ಅರಿತರು. ವಿಜಯಪುರದ ಸಂಶೋಧನಾ ಕೇಂದ್ರದಿಂದ ಬಂದ ಬಿಜೆವಿ-44ರಂಥ ತಳಿಗಳಲ್ಲಿ ಕಾಳಿನ ಜೊತೆ ಕಣಿಕಿಗೂ ಲೆಕ್ಕವಿದೆ. 2009ರಲ್ಲಿ ರಾಯಚೂರಿನಲ್ಲಿಯೇ ಕೃಷಿ ವಿಶ್ವವಿದ್ಯಾಲಯ ಆದ ಮೇಲೆ ಕೇಳುವ ಜಾಗ ಹತ್ತಿರವಾಗಿದೆ.

ಈಗಿನ ಚಿಂತೆ ಬೇರೆ. ಜೋಳದ ಹೊಲ ಕಡಲಿ, ಮೆಕ್ಕೆಜೋಳಕ್ಕೆ ಹೋಗುತ್ತಿದೆ. ಎಳ್ಳಮಾಸಿಗೆ ಚರಗ ಚೆಲ್ಲಲು ಹೋದವರು ಜೋಳದ ಹೊಲ ಹುಡುಕಬೇಕಾಗಿದೆ. ಹಗೇವು ಮುಚ್ಚಿವೆ, ಬೀಜ ಕಟ್ಟಿಡುವವರು ಕಡಿಮೆ. ಎಂ 35-1 ಹೈಬ್ರಿಡ್ ಅಲ್ಲ. ಕಲಬೆರಕೆ ಗಿಡ ಕಿತ್ತು, ಒಳ್ಳೆಯ ತೆನಿ ಆರಿಸಿದರೆ ನಾವೇ ಬೀಜ ಮಾಡಿಕೊಳ್ಳಬಹುದು.

ಸಂಘದ ಸದಸ್ಯರಲ್ಲಿ ನಮ್ಮ ಬಿನ್ನಹ ಇಷ್ಟೇ: ಬರುವ ಹಿಂಗಾರಿಗೆ ಒಂದೆರಡು ಎಕರೆಯಾದರೂ ಬೀಜಕ್ಕೆಂದು ಜೋಳ ಬಿತ್ತೋಣ, ಹೊಸ ತಳಿ ಮತ್ತು ಹಳೆಯದನ್ನು ಪಕ್ಕಪಕ್ಕ ಇಟ್ಟು ನೋಡೋಣ. ಸಂಶೋಧನೆ ಕೇಂದ್ರದಲ್ಲಿ ಹುಟ್ಟಿದರೂ ಅದರ ತೀರ್ಪು ಆಗುವುದು ನಮ್ಮ ಹೊಲದಾಗ, ನಮ್ಮ ಒಲಿ ಮುಂದ.